ಅಳಿಯನ ಹಸ್ತಲಾಘವ

ಇನ್ನು ಮೂರೇ ವಾರ! ಮೂರು ವಾರ ಕಳೆಯುವಷ್ಟರಲ್ಲಿ ತಾನು ಎಲ್ಲಿ ಕಾಲಿಟ್ಟರೂ ಅಲ್ಲಿನ ಮಾತು ನಿಲ್ಲಬೇಕು, ಕತ್ತುಗಳು ತಿರುಗಬೇಕು, 'ಯಾರಪ್ಪಾ ಈ ಮನುಷ್ಯ?' ಎಂದು ಜನ ಕೇಳಬೇಕು! ಹೀಗೆಂದು ವೀರೇಶ್ ಒಂದು ಸೋಮವಾರ ಬೆಳಿಗ್ಗೆ ಚಳ್ಳಕೆರೆಯ ತನ್ನ ಬಾಡಿಗೆ ಮನೆಯ ಬಚ್ಚಲಿನ ಕನ್ನಡಿಯ ಮುಂದೆ, ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡು, ಪ್ರತಿಜ್ಞೆ ಮಾಡಿದ.

ಆ ಪ್ರತಿಜ್ಞೆ ಅಕ್ಷರಶಃ ನೆರವೇರಿತು ಎಂಬುದೇ ಈ ಕಥೆಯ ದುಃಖ. ಸರಿಯಾಗಿ ಮೂರನೇ ವಾರಕ್ಕೆ ಮಾತು ನಿಂತಿತು, ಕತ್ತುಗಳು ತಿರುಗಿದವು, ಒಬ್ಬರಲ್ಲ, ಇನ್ನೂರು ಜನ 'ಯಾರಪ್ಪಾ ಈ ಮನುಷ್ಯ?' ಎಂದು ಕೇಳಿದರು. ಕೇಳಿದ ರೀತಿ ಮಾತ್ರ ಅವನು ಎಣಿಸಿದ್ದಕ್ಕಿಂತ ಕೊಂಚ ಬೇರೆಯಾಗಿತ್ತು.

ವೀರೇಶ್ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಅವನ ವಂಶದಲ್ಲಿ ಪದವಿ ಮುಟ್ಟಿದ ಮೊದಲ ಕುಡಿ. ಐದನೇ ತರಗತಿಯಿಂದ ಹಾಸ್ಟೆಲಿನಲ್ಲಿ ಬೆಳೆದು, ಓದಿದ್ದನ್ನೇ ಹತ್ತು ಸಲ ಓದಿ, ಬರೆದದ್ದನ್ನೇ ಇಪ್ಪತ್ತು ಸಲ ಬರೆದು ಮೇಲೆ ಬಂದವನು. ಅವನಲ್ಲಿ ಒಂದೇ ಕೊರತೆ: ಅವನು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ! ಏಳು ವರ್ಷದಿಂದ ಹೆಡ್‌ಮಾಸ್ಟರ್ ಅವನನ್ನು 'ಮಂಜುನಾಥ್' ಎಂದೇ ಕರೆಯುತ್ತಿದ್ದರು. ಹೆಂಡತಿಯ ಕಡೆಯ ಮದುವೆಯೊಂದರ ಗುಂಪು ಫೋಟೋದಲ್ಲಿ ಅವನ ಮೊಣಕೈ ಮಾತ್ರ ಬಂದಿತ್ತು. ಬಸ್ಸಿನ ಕಂಡಕ್ಟರು ಅವನನ್ನು ದಾಟಿ ಮುಂದೆ ಹೋಗಿಬಿಡುತ್ತಿದ್ದರು. ವೀರೇಶನೇ ಹಿಂದಿನಿಂದ ಕೂಗಿ ಕರೆದು, 'ಸಾರ್, ನನಗೂ ಒಂದು ಟಿಕೆಟ್ ಕೊಡಿ' ಎಂದು ಬೇಡಿ ಹರಿಸಿಕೊಳ್ಳಬೇಕಾಗಿತ್ತು.

ಇಂಥ ಹೊತ್ತಿನಲ್ಲಿ ಅವನ ಫೋನಿನೊಳಗೆ ನೀಲಿ ಕೋಟಿನ ಒಬ್ಬ ಮಹಾನುಭಾವ ಪ್ರತ್ಯಕ್ಷನಾದ. 'ವರ್ಚಸ್ಸು ಹುಟ್ಟಿನಿಂದ ಬರೋದಲ್ಲ, ಮಿತ್ರರೇ! ಅದು ಅಭ್ಯಾಸ! ನೀವು ಸೈಕಲ್ ಕಲಿಯಲಿಲ್ಲವೇ? ಹಾಗೇ ಇದನ್ನೂ ಕಲಿಯಬಹುದು. ಇಪ್ಪತ್ತೊಂದು ದಿನ, ಇಪ್ಪತ್ತೊಂದು ವಿಡಿಯೋ, ಪೂರ್ತಿ ಉಚಿತ!'

ಅಭ್ಯಾಸ ಎಂಬ ಶಬ್ದ ಕೇಳಿದ್ದೇ ವೀರೇಶನಿಗೆ ರೋಮಾಂಚನವಾಯಿತು. ಅಭ್ಯಾಸದಿಂದ ಬರುವುದಾದರೆ ಅದು ತನಗೆ ಬಾರದೆ ಇನ್ಯಾರಿಗೆ ಬಂದೀತು! ಅಂದೇ ಇನ್ನೂರು ಪುಟದ ನೋಟ್‌ಬುಕ್ ತಂದ. ಕಂದು ಕಾಗದದ ಹೊದಿಕೆ ಹಾಕಿದ. ಲೇಬಲ್ ಅಂಟಿಸಿ, 'ಹೆಸರು: ವೀರೇಶ್. ವಿಷಯ: ವರ್ಚಸ್ಸು' ಎಂದು ಬರೆದು, ಕೆಳಗೆ ಸ್ಕೇಲಿಟ್ಟು ಎರಡು ಗೆರೆ ಎಳೆದ.

ಮೊದಲ ಪ್ರಯೋಗ ಮನೆಯಲ್ಲೇ ನಡೆಯಿತು. ಮಾತನಾಡುವಾಗ ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಅವರ ಹೆಸರನ್ನು ಮೂರು ಸಲವಾದರೂ ಹೇಳಬೇಕು ಎಂದಿದ್ದ ನೀಲಿ ಕೋಟು. ಹೆಂಡತಿ ಗಂಗಾಂಬಿಕಾ ಉಪ್ಪಿಟ್ಟು ಬಡಿಸುತ್ತಿದ್ದಳು. ವೀರೇಶ್ ರೆಪ್ಪೆ ಬಡಿಯದೆ ಅವಳನ್ನೇ ನೋಡಿದ.

"ಯಾಕ್ರೀ, ಕಣ್ಣಿಗೆ ಏನಾದ್ರೂ ಬಿದ್ದೈತಾ?"

"ಇಲ್ಲ ಗಂಗಾಂಬಿಕಾ. ಸ್ವಲ್ಪ ಚಟ್ನಿಪುಡಿ ಹಾಕು ಗಂಗಾಂಬಿಕಾ. ಸಾಕು, ತುಂಬಾ ಥ್ಯಾಂಕ್ಸ್ ಗಂಗಾಂಬಿಕಾ."

ಅವಳು ಸೌಟು ಕೆಳಗಿಟ್ಟಳು. "ಏನು, ಹಾಜರಿ ಕರೀತಿದೀರಾ? ಹ್ಞೂಂ, ಬಂದೀನಿ ಸಾರ್! ಮನೇಲಿ ಇರೋಳು ನಾನೊಬ್ಳೇ, ಮೂರು ಸಲ ಕರೆದ್ರೆ ಮೂರು ಜನ ಆಗಲ್ಲ."

ವೀರೇಶ್ ಎದೆಗುಂದಲಿಲ್ಲ. ಮಾರನೇ ದಿನದ ಪಾಠ ಇನ್ನೂ ದೊಡ್ಡದಿತ್ತು: ಎದುರಿನವರು ಹೇಗೆ ಕೂರುತ್ತಾರೋ ಹಾಗೆ ಕೂರಿ, ಹೇಗೆ ವಾಲುತ್ತಾರೋ ಹಾಗೆ ವಾಲಿ, ಅವರ ಮನಸ್ಸು ನಿಮ್ಮದಾಗುತ್ತದೆ. ಶಾಲೆಯಲ್ಲಿ ಹೆಡ್‌ಮಾಸ್ಟರ ಎದುರು ಕೂತ. ಅವರಿಗೆ ಎಡಭುಜ ಹಿಡಿದುಕೊಂಡು ಆರು ತಿಂಗಳಾಗಿತ್ತು. ಕತ್ತನ್ನು ಒಂದು ಕಡೆ ವಾಲಿಸಿ, ಭುಜ ಎತ್ತಿ ಕೂರುತ್ತಿದ್ದರು. ವೀರೇಶನೂ ಕತ್ತು ವಾಲಿಸಿ ಭುಜ ಎತ್ತಿದ. ಅವರು ಕೈ ನೀವಿಕೊಂಡರು, ಇವನೂ ನೀವಿಕೊಂಡ. ಹೆಡ್‌ಮಾಸ್ಟರ ಕಣ್ಣು ತೇವವಾಯಿತು.

"ಅಯ್ಯೋ, ನಿನಗೂ ಶುರುವಾಯ್ತೇನಪ್ಪಾ? ಚಿತ್ರದುರ್ಗದಲ್ಲಿ ಒಬ್ಬ ಡಾಕ್ಟ್ರಿದಾರೆ, ನಂಬರ್ ಬರ್ಕೋ. ಈಗಲೇ ಹುಷಾರಾಗು ಮಂಜುನಾಥ."

ಏಳು ವರ್ಷದಲ್ಲಿ ಅವರು ಇಷ್ಟು ಪ್ರೀತಿಯಿಂದ ಮಾತನಾಡಿಸಿರಲಿಲ್ಲ! ಹೆಸರು ತಪ್ಪಿದರೇನು? ವೀರೇಶ್ ನೋಟ್‌ಬುಕ್ಕಿನಲ್ಲಿ 'ಪ್ರಯೋಗ ಎರಡು: ಯಶಸ್ವಿ' ಎಂದು ಬರೆದುಕೊಂಡ.

ಹದಿನಾಲ್ಕನೇ ದಿನ ಬಂತು ನೋಡಿ, ಹಸ್ತಲಾಘವದ ಪಾಠ! 'ನೆನೆಸಿದ ಚಪಾತಿಯಂಥ ಕೈ ಕೊಡಬೇಡಿ, ಮಿತ್ರರೇ! ಸತ್ತ ಕೈ ಕೊಟ್ಟವನ ವ್ಯಕ್ತಿತ್ವವೂ ಸತ್ತಂತೆ! ಗಟ್ಟಿಯಾಗಿ ಹಿಡಿಯಿರಿ. ಮೇಲಿಂದ ಇನ್ನೊಂದು ಕೈ ಇಡಿ. ಕಣ್ಣಲ್ಲಿ ಕಣ್ಣಿಡಿ. ನಗಿ. ಹೆಸರು ಹಿಡಿದು ಮಾತಾಡಿಸಿ. ಪೂರ್ತಿ ಮೂರು ಸೆಕೆಂಡು ಒತ್ತಿ ಹಿಡಿಯಿರಿ. ಒಂದು… ಎರಡು… ಮೂರು!'

ಈ ಪಾಠಕ್ಕೆ ವೀರೇಶ್ ಮನಸೋತ. ಬಾಗಿಲ ಹಿಡಿಕೆ ಹಿಡಿದು ಅಭ್ಯಾಸ ಮಾಡಿದ. ನೀರಿನ ಚೊಂಬು ಹಿಡಿದು ಮಾಡಿದ. ಪಿ.ಟಿ. ಮೇಷ್ಟ್ರು ಶಾಹಿದ್‌ನ ಮೇಲೆ ದಿನಕ್ಕೆ ನಾಲ್ಕು ಸಲ ಮಾಡಿದ.

"ಸಾರ್, ಕೈ ಬಿಡ್ತೀರಾ? ಬೆಲ್ ಹೊಡೀಬೇಕು," ಎನ್ನುತ್ತಿದ್ದ ಶಾಹಿದ್. "ನಿನ್ನೆಯಿಂದ ಸೀಟಿ ಹಿಡಿಯೋಕೂ ಆಗ್ತಿಲ್ಲ ನಂಗೆ."

ನಾಲ್ಕೈದು ದಿನದಲ್ಲಿ ಆ ವಿದ್ಯೆ ವೀರೇಶನ ಮೂಳೆಗೆ ಇಳಿಯಿತು. ಯಾರ ಅಂಗೈ ತಾಗಿದರೂ ಸಾಕು, ಅವನ ಬೆರಳುಗಳು ತಾವಾಗಿಯೇ ಮುಚ್ಚಿಕೊಂಡು, ಎಡಗೈ ತಾನಾಗಿಯೇ ಮೇಲೇರಿ, ತುಟಿ ತಾನಾಗಿಯೇ ಅರಳುತ್ತಿತ್ತು. ಅಭ್ಯಾಸ ಎಂದರೆ ಅದೇ ತಾನೆ? ಬುದ್ಧಿಯನ್ನು ಕೇಳದೆ ಕೈ ಮಾಡುವ ಕೆಲಸ!

ಆಗ ಕೊಂಡ್ಲಹಳ್ಳಿಯಿಂದ ಮಾವ ಮುರುಗೇಂದ್ರಪ್ಪನವರ ಫೋನ್ ಬಂತು.

ಮುರುಗೇಂದ್ರಪ್ಪನವರದು ಹೊಲಮನೆ ಗಟ್ಟಿಯಾಗಿದ್ದ ಕುಳ. ಊರಿನಲ್ಲಿ ಮಾತಿಗೆ ಬೆಲೆ ಇತ್ತು. ಅವರ ಕೊಟ್ಟಿಗೆಯಲ್ಲಿ ಒಂದು ಹೋರಿ, ಹೆಸರು ದೊರೆ. ಈಗ ಬೇಲಿ ಬಿದ್ದಿರುವ ವರವು ಕಾವಲಿನ ಹುಲ್ಲುಗಾವಲಿನಲ್ಲಿ ಹಿಂದೆ ಮೇಯುತ್ತಿದ್ದ ಅಮೃತಮಹಲ್ ಹಸುವೊಂದರ ಮೊಮ್ಮಗ. ಬೂದಿಬಣ್ಣ, ಕತ್ತಿಯಂಥ ಕೊಂಬು. ಕರುವಾಗಿದ್ದಾಗ ತಾಯಿ ಸತ್ತು, ಅತ್ತೆ ಕಮಲಾಕ್ಷಮ್ಮ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದರು. ದಿನಾ ಬೆಳಿಗ್ಗೆ ಅದು ಅಡುಗೆಮನೆಯ ಕಿಟಕಿಗೆ ಮೂತಿ ಇಡುತ್ತಿತ್ತು. ಅತ್ತೆ ಮೊದಲನೇ ಜೋಳದ ರೊಟ್ಟಿಯನ್ನು ಅದಕ್ಕೇ ಕೊಡುತ್ತಿದ್ದರು. ಗಂಡನಿಗೆ ಎರಡನೆಯದು.

ಆ ಹೋರಿಯನ್ನು ಮುರುಗೇಂದ್ರಪ್ಪ ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಚಳ್ಳಕೆರೆಯ ದನದ ಸಂತೆಗೆ ತರುತ್ತಿದ್ದರು. ಮಾರುವುದಕ್ಕಲ್ಲ! 'ಇಲ್ಲ' ಅನ್ನುವುದಕ್ಕೆ! ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ಮರದ ಕೆಳಗೆ ಕಟ್ಟಿ ನಿಲ್ಲುವುದು. ದಲ್ಲಾಳಿ ದಾದಾಪೀರ್ ಬರುವುದು. ಟವೆಲ್ ಮುಚ್ಚಿ ಬೆಲೆ ಕೇಳುವುದು. ಇವರು 'ಇಲ್ಲ' ಎಂದು ಕೈ ಎಳೆದುಕೊಳ್ಳುವುದು. ಚಹಾ ಕುಡಿಯುವುದು. ದಾದಾಪೀರ್ ಬೆಲೆ ಏರಿಸುವುದು, ಇವರು ಮತ್ತೆ ಕೈ ಎಳೆದುಕೊಳ್ಳುವುದು. ಸಂಜೆಯವರೆಗೆ ಹೀಗೆ ಏಳೆಂಟು ಸಲ ಇಲ್ಲವೆಂದು, ಸಂತೆಯವರೆಲ್ಲ 'ಆ ಹೋರಿಗೆ ಬೆಲೆ ಕಟ್ಟೋಕಾಗಲ್ಲ ಬಿಡ್ರಪ್ಪ' ಎಂದ ಮೇಲೆ, ಮುರುಗೇಂದ್ರಪ್ಪ ಮೀಸೆ ತೀಡಿಕೊಂಡು ದೊರೆಯೊಂದಿಗೆ ಊರಿಗೆ ಮರಳುವುದು. ದೊರೆಗಿಂತ ಮೊದಲು ಅದರ ಅಪ್ಪನನ್ನು ಕಟ್ಟಿಯೂ ಹೀಗೇ ಮಾಡುತ್ತಿದ್ದರು. ಒಟ್ಟು ಹದಿನಾಲ್ಕು ವರ್ಷದ ಆಟ. ದಾದಾಪೀರ್‌ಗೂ ಗೊತ್ತು, ಇವರಿಗೂ ಗೊತ್ತು. ಅವರಿಬ್ಬರ ಗೆಳೆತನ ಬೆಳೆದದ್ದೇ ಆ ಟವೆಲಿನ ಕೆಳಗೆ.

ಈ ಸಲ ಒಂದು ತೊಡಕಾಗಿತ್ತು. ಮುರುಗೇಂದ್ರಪ್ಪ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು. ಬೆರಳ ತುದಿಯವರೆಗೂ ಪ್ಲಾಸ್ಟರು.

"ವ್ಯಾಪಾರಕ್ಕೆ ಎಡಗೈ ಕೊಡಂಗಿಲ್ಲ, ಅಳಿಯಂದ್ರೇ. ಮರ್ಯಾದೆ ಅಲ್ಲ," ಎಂದರು ಫೋನಿನಲ್ಲಿ. "ಮನೆತನದ ಬಲಗೈ ಒಂದು ಬೇಕಾಗೈತೆ. ಭಾನುವಾರ ನೀವು ಬಂದು ನಿಂತ್ರೆ ಆತು."

ವೀರೇಶನ ಎದೆ ಉಬ್ಬಿತು. ಇಪ್ಪತ್ತೊಂದನೇ ದಿನವೇ ಆ ಭಾನುವಾರ! ಮನೆತನದ ಬಲಗೈ! ಅದೂ ಹೇಗೆ ತಯಾರಾದ ಬಲಗೈ!

"ರೀ, ಅಲ್ಲಿ ನಿಮ್ಮ ಸರ್ಕಸ್ಸು ಮಾಡಬೇಡಿ," ಎಂದಳು ಗಂಗಾಂಬಿಕಾ ಬಾಗಿಲಲ್ಲಿ. "ಅಪ್ಪ ಹೇಳಿದ್ದನ್ನ ಸರಿಯಾಗಿ ಕೇಳಿಸ್ಕೊಳ್ಳಿ."

"ಕೇಳಿಸಿಕೊಳ್ಳೋದೇ ಒಂಬತ್ತನೇ ಪಾಠ, ಗಂಗಾಂಬಿಕಾ!"

ಅನಾಹುತ ಇದ್ದದ್ದು ಆ ಒಂಬತ್ತನೇ ಪಾಠದಲ್ಲೇ. ಎದುರಿನವರು ಮಾತಾಡುವಾಗ ಆಸಕ್ತಿ ತೋರಿಸಿ, ಮೂರು ವಾಕ್ಯಕ್ಕೊಮ್ಮೆ ತಲೆಯಾಡಿಸಿ, ಆರಕ್ಕೊಮ್ಮೆ 'ಹೌದಾ!' ಎನ್ನಿ; ಇದು ನೀಲಿ ಕೋಟಿನ ಅಪ್ಪಣೆ. ಸಂತೆಯ ಬಯಲಿನ ಅಂಚಿನಲ್ಲಿ, ದೊರೆಯನ್ನು ಗಾಡಿಯಿಂದ ಇಳಿಸಿ ಕಟ್ಟಿದ ಮೇಲೆ, ಮುರುಗೇಂದ್ರಪ್ಪ ಅಳಿಯನನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಬಿಡಿಸಿ ಹೇಳಿದರು.

"ನೋಡ್ರಿ, ದಾದಾ ಟವೆಲ್ ಮುಚ್ಚಿ ನಿಮ್ಮ ಬೆರಳು ಹಿಡೀತಾನೆ. ಎಷ್ಟು ಬೆರಳೋ ಅಷ್ಟು ಬೆಲೆ. ಬಾಯಲ್ಲಿ ಏನೂ ಅನ್ನಂಗಿಲ್ಲ. ನೀವು ಕೈ ಸತ್ತಂಗೆ ಬಿಟ್ಕಂಡಿರ್ರಿ. ನಾನು ತಲೆ ಆಡಿಸ್ತೀನಿ, ನೀವು ಕೈ ಎಳ್ಕಳ್ರಿ. ಯಾವ ಕಾರಣಕ್ಕೂ ಅವನ ಕೈ ಒತ್ತಬ್ಯಾಡ್ರಿ. ಒತ್ತಿದ್ರೆ ಒಪ್ಪಿದಂಗೆ. ವ್ಯಾಪಾರ ಮುಗೀತು ಅಂತ ಅರ್ಥ. ತಿಳೀತಾ?"

ವೀರೇಶ್ ಮೂರನೇ ವಾಕ್ಯಕ್ಕೆ ತಲೆಯಾಡಿಸಿದ. ಆರನೆಯದಕ್ಕೆ 'ಹೌದಾ!' ಎಂದ. ಒಂಬತ್ತನೆಯದಕ್ಕೆ ಮತ್ತೆ ತಲೆಯಾಡಿಸಿದ. ಮಾವನ ಕಣ್ಣಲ್ಲಿ ಕಣ್ಣಿಟ್ಟು, ವಾಕ್ಯಗಳನ್ನು ಒಂದೂ ಬಿಡದೆ ಎಣಿಸುತ್ತಿದ್ದ. ಎಣಿಕೆ ಸರಿಯಾಗಿತ್ತು. ಏನು ಹೇಳಿದರು ಎಂಬುದೊಂದು ಮಾತ್ರ ಅವನ ತಲೆಯೊಳಗೆ ಇಳಿದಿರಲಿಲ್ಲ.

ಮುರುಗೇಂದ್ರಪ್ಪನವರಿಗೆ ಅಳಿಯನ ಮೇಲೆ ಅಭಿಮಾನ ಉಕ್ಕಿಬಂತು. "ನಮ್ಮ ಅಳಿಯಂದ್ರು ಎಷ್ಟು ಗಮನ ಕೊಟ್ಟು ಕೇಳ್ತಾರೆ!" ಎಂದುಕೊಂಡರು, ಪಾಪ.

ದಾದಾಪೀರ್ ಬಂದರು. ಬಿಳಿ ಗಡ್ಡ, ತಲೆಗೆ ಟೋಪಿ, ಹೆಗಲ ಮೇಲೆ ಚೌಕುಳಿ ಟವೆಲು. ಅವರ ಹಿಂದೆ ಒಬ್ಬ ಕಟ್ಟುಮಸ್ತಾದ ರೈತ. ಹೆಸರು ಪಾತಣ್ಣ. ಮೊಳಕಾಲ್ಮೂರು ದಾಟಿ ಆಂಧ್ರದ ಗಡಿಯಾಚೆಯ ಹಳ್ಳಿಯವನು. ಒಳ್ಳೆಯ ಹೋರಿ ಹುಡುಕಿಕೊಂಡು ಬಂದಿದ್ದ. ಪ್ರತಿ ವರ್ಷವೂ ದಾದಾಪೀರ್ ಹೀಗೆ ಯಾರಾದರೊಬ್ಬ ನಿಜವಾದ ಗಿರಾಕಿಯನ್ನು ಕರೆತರುತ್ತಿದ್ದರು. ಗಿರಾಕಿ ಇಲ್ಲದೆ 'ಇಲ್ಲ' ಎಂದರೆ ಅದರಲ್ಲಿ ಏನು ಗತ್ತು?

"ಅಸ್ಸಲಾಮ್ ಯಜಮಾನ್ರೇ! ಏನು ಕೈಗೆ ಸಿಮೆಂಟ್ ಹಾಕಿಸೀರಿ?"

"ಬಿದ್ದೆ ಕಣೋ ದಾದಾ. ಅದಕ್ಕೇ ಅಳಿಯನ್ನ ಕರ್ಕಂಡು ಬಂದೀನಿ." ಮುರುಗೇಂದ್ರಪ್ಪ ಸುತ್ತ ನೆರೆದವರಿಗೆಲ್ಲ ಕೇಳುವಂತೆ ದನಿ ಎತ್ತಿದರು. "ಕೇಳ್ರಪ್ಪಾ! ಇವತ್ತು ಇವರ ಕೈಯೇ ನನ್ನ ಕೈ!"

ಜನ ಸುತ್ತುಗಟ್ಟಿದರು. ದಾದಾಪೀರ್ ಟವೆಲನ್ನು ಕೊಡವಿ, ತನ್ನ ಬಲಗೈ ಮೇಲೆ ಹಾಕಿಕೊಂಡು ಮುಂದೆ ಚಾಚಿದರು. ವೀರೇಶ್ ತನ್ನ ಕೈಯನ್ನು ಟವೆಲಿನೊಳಗೆ ತೂರಿಸಿದ. ದಾದಾಪೀರ್ ಆಟದ ಪದ್ಧತಿಯಂತೆ ತೀರಾ ಕೆಳಗಿನಿಂದ, ನಗು ಬರುವಂಥ ಬೆಲೆಯಿಂದ ಶುರುಮಾಡಿ, ಅವನ ಎರಡೇ ಎರಡು ಬೆರಳು ಹಿಡಿದರು.

ಬೇರೊಬ್ಬರ ಅಂಗೈ ತಾಗಿತು.

ಅಷ್ಟೇ! ವೀರೇಶನ ಬೆರಳುಗಳು ತಾವಾಗಿಯೇ ಮುಚ್ಚಿಕೊಂಡವು. ಎಡಗೈ ತಾನಾಗಿಯೇ ಎದ್ದು ಟವೆಲಿನ ಮೇಲೆ ಕೂತಿತು. ಕಣ್ಣು ಕಣ್ಣನ್ನು ಹಿಡಿಯಿತು. ಮುಖ ತಾವರೆಯಂತೆ ಅರಳಿತು. "ದಾದಾಪೀರ್ ಅವರೇ! ನಿಮ್ಮನ್ನು ನೋಡಿ ತುಂಬಾ ಸಂತೋಷವಾಯಿತು, ದಾದಾಪೀರ್ ಅವರೇ!" ಒತ್ತು ಎಂದರೆ ಅಂತಿಂಥ ಒತ್ತಲ್ಲ. ಒಂದು. ಎರಡು. ಮೂರು.

ಸಂತೆಯ ಮಾತು ನಿಂತಿತು. ಕತ್ತುಗಳು ತಿರುಗಿದವು. ಹದಿನಾಲ್ಕು ವರ್ಷದಲ್ಲಿ ಆ ಮರದ ಕೆಳಗೆ ಮೊದಲನೇ ಬೆಲೆಗೇ ಯಾರೂ ಕೈ ಒತ್ತಿರಲಿಲ್ಲ.

"ಯಾರಪ್ಪಾ ಈ ಮನುಷ್ಯ?" ಎಂದು ಯಾರೋ ಕೇಳಿದರು. "ಯಾರಂತೆ ಇವನು?" ಎಂದು ಇನ್ನೊಬ್ಬರು. ಇನ್ನೂರು ಜನ ತನ್ನೊಬ್ಬನನ್ನೇ ನೋಡುತ್ತಿರುವುದನ್ನು ವೀರೇಶ್ ಕಂಡ. ಆಹಾ! ಇಪ್ಪತ್ತೊಂದನೇ ದಿನ! ನೀಲಿ ಕೋಟು ಸುಳ್ಳಾಡಿರಲಿಲ್ಲ! ಅವನು ಇನ್ನಷ್ಟು ನಕ್ಕ. ಆ ನಗುವನ್ನು ಇವತ್ತಿಗೂ ಅವನು ಮರೆಯಲಾರ. ತನ್ನ ಮುಖದ ಮೇಲಿಂದ ಅದನ್ನು ಕಿತ್ತು ಎಸೆಯುವಂತಿದ್ದರೆ ಆಗಲೇ ಎಸೆದಿರುತ್ತಿದ್ದ.

"ಐಪೋಯಿಂದಿ!" ಎಂದು ಪಾತಣ್ಣ ಎರಡೂ ಕೈ ಮೇಲೆತ್ತಿ ಕೂಗಿದ. "ಆಗೋಯ್ತು! ವ್ಯಾಪಾರ ಆಗೋಯ್ತು!"

ದಾದಾಪೀರ್ ಮುಖ ಸುಣ್ಣವಾಯಿತು. "ಯಾ ಅಲ್ಲಾ… ಇಲ್ಲ, ಇಲ್ಲ, ಇವರ ಕೈಗೆ ಏನೋ ಸೆಳೆತ ಬಂದಿರಬೇಕು. ಅಲ್ವಾ ಸಾರ್? ಸೆಳೆತ ತಾನೆ? ಹ್ಞೂಂ ಅನ್ರಿ!"

"ಇಲ್ಲ ದಾದಾಪೀರ್ ಅವರೇ, ನನ್ನ ಕೈ ಚೆನ್ನಾಗಿದೆ!" ಎಂದ ವೀರೇಶ್, ಹೆಮ್ಮೆಯಿಂದ.

ಆಮೇಲೆ ಅವನು ಮಾವನ ಕಡೆ ನೋಡಿದ. ಮುರುಗೇಂದ್ರಪ್ಪ ಬೇಡವೆಂದು ತಲೆಯಾಡಿಸುತ್ತಲೇ ಇದ್ದರು, ನಿಲ್ಲಿಸುವುದನ್ನೇ ಮರೆತವರಂತೆ. ಆ ತಲೆಯಾಟ ನೋಡಿದಾಗ ವೀರೇಶನೊಳಗೆ ಇಷ್ಟು ಹೊತ್ತು ಬರೀ ಎಣಿಕೆಯಾಗಿ ನಿಂತಿದ್ದ ವಾಕ್ಯಗಳು ಒಂದೊಂದಾಗಿ ಅರ್ಥ ಬಿಡತೊಡಗಿದವು. ಸತ್ತಂಗೆ ಬಿಟ್ಕಂಡಿರ್ರಿ. ಒತ್ತಬ್ಯಾಡ್ರಿ. ಒತ್ತಿದ್ರೆ ಒಪ್ಪಿದಂಗೆ.

"ಮಾವ…" ಎಂದ.

"ಯಜಮಾನ್ರೇ," ಎಂದರು ದಾದಾಪೀರ್ ತಗ್ಗಿದ ದನಿಯಲ್ಲಿ, "ನೀವು ಒಂದ್ ಮಾತು ಹೇಳ್ರಿ. ಅಳಿಯಂದ್ರಿಗೆ ರೂಢಿ ಇಲ್ಲ, ಗೊತ್ತಾಗ್ಲಿಲ್ಲ ಅನ್ರಿ. ಪಾತಣ್ಣನ್ನ ನಾನು ಒಪ್ಪಿಸ್ತೀನಿ."

ಸಂತೆ ಕಾದು ನಿಂತಿತು. ಮುರುಗೇಂದ್ರಪ್ಪ ಅಳಿಯನನ್ನು ನೋಡಿದರು, ದೊರೆಯನ್ನು ನೋಡಿದರು. ಮತ್ತೆ ಅಳಿಯನನ್ನು ನೋಡಿದರು.

"ಇವರ ಕೈ ನನ್ನ ಕೈ ಅಂತ ನಾನೇ ಹೇಳೀನಿ," ಎಂದರು. "ಒತ್ತಿದ್ದು ನಾನೇ. ಹಗ್ಗ ಬಿಚ್ಚು ದಾದಾ."

ಎಡಗೈಯಿಂದ ಒಂದು ಸಲ ದೊರೆಯ ಕೊರಳಡಿ ಜೋಲುವ ಗಂಗೆದೊಗಲು ಸವರಿದರು. ಅದು ರೊಟ್ಟಿ ಇದೆಯೇನೋ ಎಂದು ಅವರ ಪ್ಲಾಸ್ಟರಿನ ಕೈಯನ್ನು ಮೂಸಿ ನೋಡಿತು. ಪಾತಣ್ಣ ಹಗ್ಗ ಹಿಡಿದ. ಹೋರಿ ನಾಲ್ಕು ಹೆಜ್ಜೆ ಹೋಗಿ ಹಿಂತಿರುಗಿ ನೋಡಿತು, ಇದೇನು ಈ ಸಲ ಇಷ್ಟು ಬೇಗ ಎನ್ನುವಂತೆ.

ಮನೆಗೆ ಬಂದ ವೀರೇಶನನ್ನು ಗಂಗಾಂಬಿಕಾ ಬಾಗಿಲಲ್ಲೇ ಕೇಳಿದಳು. "ಎಷ್ಟಕ್ಕೆ ಕೇಳಿದ್ರು? ಅಪ್ಪ ಎಷ್ಟು ಸಲ ಇಲ್ಲ ಅಂದ್ರು?"

"ಒಂದು ಸಲಾನೂ ಇಲ್ಲ."

"ಅಂದ್ರೆ?"

ಹೇಳಿದ. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು! ಸುಮ್ಮನೆ ಒಳಗೆ ಹೋಗಿ, ಇನ್ನೂರು ಪುಟದ ನೋಟ್‌ಬುಕ್ಕನ್ನು ತೆಗೆದು, ಅಡುಗೆಮನೆಯಲ್ಲಿ ಕುಂಟುತ್ತಿದ್ದ ಗ್ಯಾಸ್ ಸಿಲಿಂಡರಿನ ಕೆಳಗೆ ಇಟ್ಟಳು. ಸಿಲಿಂಡರು ಕುಂಟುವುದು ನಿಂತಿತು. ವರ್ಚಸ್ಸಿನಿಂದ ಆ ಮನೆಗೆ ಆದ ಉಪಕಾರ ಅದೊಂದೇ.

"ಇನ್ಮೇಲೆ ನನ್ನ ಹೆಸರು ಹಿಡಿದು ಕರೀಬೇಡಿ," ಎಂದಳು ಎರಡು ದಿನದ ಮೇಲೆ. "ಮೊದ್ಲಿನಂಗೆ 'ಏನೇ' ಅನ್ನಿ ಸಾಕು. ಆ 'ಏನೇ'ಗೇ ನಾನು ಒಲಿದಿದ್ದು."

ಮುಂದಿನ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟದ್ದೇ ವೀರೇಶ್ ಬೈಕ್ ಹತ್ತಿದ. ಮೊಳಕಾಲ್ಮೂರು ದಾಟಿ, ಗಡಿ ದಾಟಿ, ಬೋರ್ಡುಗಳೆಲ್ಲ ತೆಲುಗಾದ ಮೇಲೂ ಆರು ಮೈಲಿ ಹೋಗಿ, ಪಾತಣ್ಣನ ಹಳ್ಳಿ ಹುಡುಕಿದ. ದಾರಿಯುದ್ದಕ್ಕೂ ಒಂದೇ ಮಾತು ಬಾಯಿಪಾಠ ಮಾಡಿದ: ತಪ್ಪಾಯಿತು, ಹೋರಿ ಕೊಡಿ. ತಪ್ಪಾಯಿತು, ಹೋರಿ ಕೊಡಿ.

ಪಾತಣ್ಣ ಅವನನ್ನು ಕಂಡದ್ದೇ ಓಡಿಬಂದು ತಬ್ಬಿಕೊಂಡ!

"ರಂಡಿ ಸಾರು, ರಂಡಿ! ಬನ್ನಿ, ಬನ್ನಿ! ಅವ್ವಾ, ನಾನು ಹೇಳ್ತಿರ್ಲಿಲ್ವಾ, ಆ ಸಾರು ಇವರೇ!"

ಅವನ ತಾಯಿ ಯರ್ರಮ್ಮ ಮಜ್ಜಿಗೆ ತಂದುಕೊಟ್ಟು ವೀರೇಶನ ಮುಖವನ್ನೇ ನೋಡಿದರು. "ಈಯಪ್ಪನಾ? ನೀನು ಹೇಳಿದ್ದು ಕೇಳಿ ಆರಡಿ ಆಳು ಅಂದ್ಕಂಡಿದ್ದೆ."

ಹಿತ್ತಲಲ್ಲಿ ದೊರೆ ನಿಂತಿತ್ತು. ಕೊರಳಿಗೆ ಹೊಸ ಗೆಜ್ಜೆಸರ. ಬೇಲಿಯಾಚೆ ಊರಿನ ನಾಲ್ಕು ಹಸುಗಳು ಸಾಲಾಗಿ ಕಾದಿದ್ದವು. ವೀರೇಶನನ್ನು ಕಂಡು ಅದು ಕಿವಿ ನಿಮಿರಿಸಿತು, ಅಷ್ಟೇ. ಅವನ ವರ್ಚಸ್ಸು ಅದಕ್ಕೆ ತಾಗಲಿಲ್ಲ.

ವೀರೇಶ್ ಈ ಸಲ ನಗಲಿಲ್ಲ. ಕಣ್ಣಲ್ಲಿ ಕಣ್ಣಿಡುವ ಧೈರ್ಯವೂ ಇರಲಿಲ್ಲ. ನೆಲ ನೋಡಿಕೊಂಡು, ತೊದಲುತ್ತ, ಕೋರ್ಸಿನಿಂದ ಹಿಡಿದು ಕೈ ಒತ್ತಿದ್ದರವರೆಗೆ ಎಲ್ಲ ಹೇಳಿಬಿಟ್ಟ.

"ಸಾರು, ಇಪ್ಪತ್ತು ಸಂತೆ ತಿರುಗೀನಿ," ಎಂದ ಪಾತಣ್ಣ. "ಎಲ್ರೂ ಹೊಟ್ಟೆ ಉರ್ಕೊಂಡೇ ಮಾರ್ತಾರೆ. ನಗ್ತಾ ನಗ್ತಾ, ಎರಡೂ ಕೈ ಇಟ್ಟು, ಮನಸಾರೆ ಕೊಟ್ಟಿದ್ದು ನೀವೊಬ್ರೇ ಅಂತ ಊರಿಗೆಲ್ಲ ಹೇಳ್ಕಂಡು ಬಂದೆ. ಎಂಥಾ ಮನುಷ್ಯ, ಏನು ಕಳೆ ಅಂದೆ! ಅದು ಕೋರ್ಸಾ?"

"ಕೋರ್ಸು," ಎಂದ ವೀರೇಶ್ ತಲೆ ತಗ್ಗಿಸಿ. ಇಪ್ಪತ್ತೊಂದು ದಿನದ ತಪಸ್ಸಿಗೆ ಭೂಮಂಡಲದಲ್ಲಿ ಮರುಳಾದವನು ಒಬ್ಬನೇ ಒಬ್ಬ. ಅವನನ್ನೂ ಈಗ ಕಳೆದುಕೊಂಡ.

"ನಾನು ಕಟುಕನಲ್ಲ ಸಾರು. ನಿಮ್ಮ ಮಾವ ಬರ್ಲಿ. 'ನನ್ನ ಅಳಿಯನಿಗೆ ತಿಳಿವಳಿಕೆ ಇಲ್ಲ, ಕೈ ತಪ್ಪಿತು' ಅಂತ ದಾದಾಪೀರ್ ಮುಂದೆ, ಸಂತೇಲಿ, ಒಂದ್ ಮಾತು ಅನ್ಲಿ. ಅವತ್ತೇ ಹಗ್ಗ ಕೊಡ್ತೀನಿ. ಸುಮ್ನೆ ಕೊಟ್ರೆ ನಾಳೆ ಟವೆಲಿಗೆ ಯಾರು ಬೆಲೆ ಕೊಡ್ತಾರೆ?"

ನ್ಯಾಯವಾದ ಮಾತು! ವೀರೇಶ್ ಗಾಳಿಯಲ್ಲಿ ಹಾರಿಕೊಂಡೇ ಕೊಂಡ್ಲಹಳ್ಳಿಗೆ ಬಂದ. ಮುರುಗೇಂದ್ರಪ್ಪ ಜಗಲಿಯಲ್ಲಿ ಕೂತಿದ್ದರು.

"ಮಾವ, ಒಂದೇ ಒಂದು ಮಾತು! ನನ್ನ ಅಳಿಯ ದಡ್ಡ ಅಂತ ಹೇಳಿದ್ರೆ ಸಾಕು, ದೊರೆ ಮನೆಗೆ ಬರ್ತಾನೆ!"

ಮುರುಗೇಂದ್ರಪ್ಪ ಖಾಲಿ ಗೂಟದ ಕಡೆ ನೋಡಿದರು. "ಇನ್ನೂರು ಜನದ ಮುಂದೆ?"

"ಹ್ಞೂಂ. ಅದರಲ್ಲೇನೈತೆ? ನಿಜ ತಾನೆ?"

"ನಿಜಾನೇ," ಎಂದರು ಅವರು, ಒಂದಿಷ್ಟೂ ತಡಮಾಡದೆ. "ಆದ್ರೆ ನಾನು ಅನ್ನಲ್ಲ. ನಮ್ಮ ಮಗಳು ಆ ಊರಾಗೆ ಬಾಳ್ವೆ ಮಾಡ್ಬೇಕು. ನೀವು ಆ ಊರಾಗೆ ಮಕ್ಕಳಿಗೆ ಪಾಠ ಹೇಳ್ಬೇಕು. ಸಂತೇಲಿ ನಿಂತು ನಮ್ಮ ಮನೆ ಅಳಿಯನ್ನ ನಾನೇ ದಡ್ಡ ಅಂದು, ಆಮ್ಯಾಲೆ ಹೋರಿ ಕಟ್ಕಂಡು ಮೀಸೆ ತಿರುವ್ಲಾ? ಬ್ಯಾಡ್ರಿ. ಒಳಕ್ಕೆ ನಡೀರಿ, ಉಣ್ರಿ."

ಅವರು ದನಿ ಎತ್ತಿರಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟಿರಲಿಲ್ಲ. ಹೆಸರು ಹಿಡಿದಿರಲಿಲ್ಲ. ಆದರೂ ಆ ಒಂದು ಮಾತಿಗೆ ವೀರೇಶ್ ಎದ್ದು ಒಳಗೆ ಹೋದ. ನೀಲಿ ಕೋಟಿನವನು ಇಪ್ಪತ್ತೊಂದು ವಿಡಿಯೋದಲ್ಲಿ ಬಡಬಡಿಸಿದ್ದು ಏನನ್ನು ಎಂಬುದು ಅವನಿಗೆ ಆಗ ಹೊಳೆಯಿತು. ಹೊಳೆದು ಏನು ಬಂತು?

ಕಮಲಾಕ್ಷಮ್ಮ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದರು. ಕಿಟಕಿಯ ಕಟ್ಟೆಯ ಮೇಲೆ ತಟ್ಟೆಯೊಂದರಲ್ಲಿ ಬೆಳಗಿನ ಒಂದು ರೊಟ್ಟಿ ಹಾಗೇ ಇತ್ತು, ತಣ್ಣಗೆ, ಅಂಚು ಸೆಟೆದುಕೊಂಡು.

"ಕೈ ಕೇಳಲ್ಲಪ್ಪ," ಎಂದರು ಅತ್ತೆ. "ದಿನಾ ಮೊದಲ್ನೇದು ತಟ್ಟಿ ಕಿಟಕೀಗೆ ಇಟ್ಟುಬಿಡ್ತೀನಿ. ಆಮೇಲೆ ನೆನಪಾಗ್ತೈತೆ. ಬಿಸಿದು ಹಾಕ್ತೀನಿ ಕೂತ್ಕ."

"ಬ್ಯಾಡತ್ತೆ, ಅದನ್ನೇ ಕೊಡ್ರಿ," ಎಂದ ವೀರೇಶ್. ದೊರೆಯ ಪಾಲಿನ ರೊಟ್ಟಿಯನ್ನು ಕಟಕಟ ಅಗಿದು ತಿಂದ. ಅತ್ತೆಯ ಕೈಗೂ ಅಭ್ಯಾಸವಾಗಿತ್ತು, ತನ್ನ ಕೈಗೂ ಅಭ್ಯಾಸವಾಗಿತ್ತು. ಎರಡಕ್ಕೂ ಎಷ್ಟು ಅಂತರ ಎಂದು ಯೋಚಿಸುತ್ತ ಅಗಿದ.

ಆಮೇಲೆ ಅವನು ಮೊದಲಿನ ವೀರೇಶನೇ ಆದ. ಹೆಡ್‌ಮಾಸ್ಟರಿಗೆ ಮಂಜುನಾಥ, ಹೆಂಡತಿಗೆ 'ರೀ', ಕಂಡಕ್ಟರಿಗೆ ಯಾರೂ ಅಲ್ಲ. ಶಾಹಿದ್ 'ಗುಡ್ ಮಾರ್ನಿಂಗ್' ಎಂದು ಕೈ ಚಾಚಿದರೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡುತ್ತಿದ್ದ. ಸಮಾಧಾನವೆಂದರೆ ಈಗ ಯಾರಾದರೂ ಮಾತಾಡಿದರೆ ಅವರು ಏನು ಹೇಳಿದರು ಎಂಬುದು ಅವನ ತಲೆಗೆ ಹೋಗುತ್ತಿತ್ತು.

ವರ್ಷ ಕಳೆಯಿತು. ಮತ್ತೆ ಸುಗ್ಗಿ ಮುಗಿಯಿತು. ಸಂತೆಯ ಭಾನುವಾರ ಬೆಳಿಗ್ಗೆ ಬಸ್ಸಿಳಿದು ಮುರುಗೇಂದ್ರಪ್ಪ ಮಗಳ ಮನೆಗೆ ಬಂದರು. ಕೈ ವಾಸಿಯಾಗಿತ್ತು. ಹೋರಿ ಇರಲಿಲ್ಲ.

"ನಡೀರಿ ಅಳಿಯಂದ್ರೇ, ಸಂತೆಗೆ ಹೋಗಿ ಬರಾನ."

"ಏನೂ ಇಲ್ಲದೆ?"

"ಕಾಲಿಗೆ ಅಭ್ಯಾಸ ಆಗೈತೆ," ಎಂದರು.

ಅದೇ ಮರ. ಅದೇ ಚೌಕುಳಿ ಟವೆಲು. ಇವರನ್ನು ಕಂಡು ದಾದಾಪೀರ್ ಎದ್ದು ನಿಂತರು; ಗಡ್ಡ ಸವರಿಕೊಂಡರು. ಮೂವರೂ ಖಾಲಿ ಜಾಗವನ್ನು ನೋಡುತ್ತ ನಿಂತರು. ಸುತ್ತಲಿನವರೂ ಒಬ್ಬೊಬ್ಬರಾಗಿ ಬಂದು ನಿಂತರು. ವೀರೇಶ್ ನೆಲದೊಳಗೆ ಇಳಿದುಹೋಗಲು ಸಿದ್ಧನಿದ್ದ.

"ಈ ವರ್ಷ ಬೆಲೆ ಕಟ್ಟೋಕೆ ಏನೂ ತಂದಿಲ್ವಾ ಯಜಮಾನ್ರೇ?" ಎಂದರು ದಾದಾಪೀರ್ ಮೆಲ್ಲಗೆ.

ಮುರುಗೇಂದ್ರಪ್ಪ ಸುತ್ತ ನೋಡಿದರು. ಆಮೇಲೆ ವೀರೇಶನ ರಟ್ಟೆ ಹಿಡಿದು, ದೊರೆ ನಿಲ್ಲುತ್ತಿದ್ದ ಜಾಗಕ್ಕೆ ಕರೆದುಕೊಂಡು ಹೋಗಿ, ನೇರ ನಿಲ್ಲಿಸಿ, ಬೆನ್ನ ಮೇಲೊಂದು ತಟ್ಟಿದರು.

"ತಂದೀನಲ್ಲ. ಕೇಳು!"

ಸಂತೆ ಘೊಳ್ಳೆಂದಿತು. ದಾದಾಪೀರ್ ಮುಖಕ್ಕೆ ವರ್ಷದ ಮೇಲೆ ಕಳೆ ಬಂತು. ವೀರೇಶನನ್ನು ಒಂದು ಸುತ್ತು ಹಾಕಿದರು, ಹಲ್ಲು ನೋಡುವವರಂತೆ ಬಗ್ಗಿದರು, ನೆತ್ತಿಯ ಕೂದಲು ನೋಡಿ "ಸುಳಿ ಚೆನ್ನಾಗಿಲ್ಲ" ಎಂದು ಗೊಣಗಿದರು. ಟವೆಲ್ ಕೊಡವಿ ಕೈ ಮೇಲೆ ಹಾಕಿಕೊಂಡು ಚಾಚಿದರು. ಮುರುಗೇಂದ್ರಪ್ಪ ತಮ್ಮ ಬಲಗೈಯನ್ನು ಒಳಗಿಟ್ಟರು. ದಾದಾಪೀರ್ ಯಾವ ಬೆರಳು ಹಿಡಿದರೋ ವೀರೇಶನಿಗೆ ಕಾಣಲಿಲ್ಲ. ಟವೆಲಿನ ಉಬ್ಬು ನೋಡಿದರೆ ಕಿರುಬೆರಳಿನ ತುದಿ ಮಾತ್ರ ಇದ್ದಂತಿತ್ತು.

ವೀರೇಶನಿಗೆ ಭಯವೇನೂ ಆಗಲಿಲ್ಲ. ಮೊದಲನೇ ಬೆಲೆ ತಾನೆ! ಹದಿನಾಲ್ಕು ವರ್ಷ ಈ ಮನುಷ್ಯ ಮೊದಲನೇ ಬೆಲೆಗೆ ಒಪ್ಪಿದವರಲ್ಲ. ಈಗ ಕೈ ಎಳೆದುಕೊಳ್ಳುತ್ತಾರೆ, ಚಹಾ ಬರುತ್ತದೆ, ಬೆಲೆ ಏರುತ್ತದೆ…

ಮುರುಗೇಂದ್ರಪ್ಪ ದಾದಾಪೀರ್ ಕಣ್ಣಲ್ಲಿ ಕಣ್ಣಿಟ್ಟರು. ಬಾಯಿತುಂಬ ನಕ್ಕರು. ಎಡಗೈಯನ್ನೂ ಎತ್ತಿ ಟವೆಲಿನ ಮೇಲಿಟ್ಟರು. "ನಿನ್ನನ್ನ ನೋಡಿ ತುಂಬಾ ಸಂತೋಷ ಆತು, ದಾದಾಪೀರ್!" ಎಂದು ಗಟ್ಟಿಯಾಗಿ ಒತ್ತಿ ಹಿಡಿದರು.

ಒಂದು… ಎರಡು… ಮೂರು…

ವೀರೇಶ್ ಅಭ್ಯಾಸಬಲದಿಂದ ಮನಸ್ಸಿನಲ್ಲೇ ಎಣಿಸಿದ. ಅಳತೆ ಸರಿಯಾಗಿತ್ತು.